ಗರ್ಲ್ಸ್ ಹೈಸ್ಕೂಲೋ, ಎಲ್ಲರೂ ಒಟ್ಟಿಗೆ ಓದುವ ಶಾಲೆಯೋ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಗಳು ಏಳನೇ ತರಗತಿ ಮುಗಿಸಿದ್ದಾಳೆ. ನಡೆದು ಹೋಗುವಷ್ಟು ದೂರದಲ್ಲೇ ಸರ್ಕಾರಿ ಪ್ರೌಢಶಾಲೆ ಇದೆ, ಹುಡುಗ ಹುಡುಗಿಯರು ಒಟ್ಟಿಗೆ ಓದುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ ಬಾಲಕಿಯರ ಪ್ರೌಢಶಾಲೆ ಇದೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹುಡುಗರಿದ್ದರೆ ಓದಿನ ಮೇಲೆ ಗಮನ ಇರಲ್ಲ, ಗರ್ಲ್ಸ್ ಹೈಸ್ಕೂಲೇ ಆಗಲಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಮಗಳಿಗೆ ಗಣಿತ ಅಂದರೆ ಇಷ್ಟ, ಆದರೆ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಹುಡುಗ ಹುಡುಗಿಯರ ಮೆದುಳೇ ಬೇರೆ, ಬೇರೆ ಬೇರೆ ಕಲಿಸಬೇಕು ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವೇ? ಮಗ ಈಗ ಐದನೇ ತರಗತಿ. ಮುಂದೆ ಅವನನ್ನು ಹುಡುಗರ ಶಾಲೆಗೆ ಹಾಕಬೇಕೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಊರ ಹತ್ತಿರದ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಟೀಚರ್ ಇದ್ದಾರೆಯೇ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇದೆಯೇ ನೋಡಿ. ಎರಡೂ ಇದ್ದರೆ ಅಲ್ಲಿಗೇ ಕಳಿಸಿ. ಒಂದು ಇಲ್ಲದಿದ್ದರೂ, ಅಥವಾ ಮಗಳೇ ‘ನನಗೆ ಗರ್ಲ್ಸ್ ಹೈಸ್ಕೂಲ್ ಬೇಕು’ ಎಂದು ಗಟ್ಟಿಯಾಗಿ ಹೇಳಿದರೂ, ಬಸ್ ಹತ್ತಿಸಿ. ನಿಮ್ಮ ಪತ್ರದಲ್ಲಿ ಯಜಮಾನರ ಮಾತಿದೆ, ವಾಟ್ಸಾಪ್ ಮಾತಿದೆ. ಮಗಳು ಏನು ಅಂತಾಳೆ ಅನ್ನುವುದು ಇಲ್ಲ. ಅದನ್ನು ಇವತ್ತೇ ಕೇಳಿ. ಅದಕ್ಕೆ ಎಷ್ಟು ಬೆಲೆ ಇದೆ ಎಂದು ಮುಂದೆ ಹೇಳುತ್ತೇನೆ.

ಹುಡುಗಿಯರ ಶಾಲೆ ಅಂದ ಕೂಡಲೇ ಹಳೇ ಕಾಲದ್ದು, ಮುಚ್ಚಬೇಕಾದ್ದು ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಓದಿದ್ದೇ ಆ ಬಾಗಿಲಿನಿಂದ ಒಳಗೆ ಬಂದು. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಫುಲೆ ತೆರೆದದ್ದು ಹುಡುಗಿಯರ ಶಾಲೆ. ಮೈಸೂರಿನಲ್ಲಿ 1881ರಲ್ಲಿ ಶುರುವಾದ ಮಹಾರಾಣಿ ಶಾಲೆಯೂ ಹಾಗೇ. ಆಗ ಹುಡುಗರ ಪಕ್ಕ ಕೂರಿಸುತ್ತೇವೆ ಎಂದಿದ್ದರೆ ಒಬ್ಬ ಅಪ್ಪನೂ ಮಗಳನ್ನು ಕಳಿಸುತ್ತಿರಲಿಲ್ಲ. ಅದೇ ಶಾಲೆ ಮುಂದೆ ಕಾಲೇಜಾಯಿತು. ಅಲ್ಲಿ ಓದಿದವರು ಟೀಚರ್ ಆದರು, ಡಾಕ್ಟರ್ ಆದರು, ಇನ್ನಷ್ಟು ಹೆಣ್ಣುಮಕ್ಕಳಿಗೆ ದಾರಿ ಮಾಡಿದರು. ಈಚಿನ ಉದಾಹರಣೆಯೂ ಇದೆ. 2004ರಲ್ಲಿ ಕೇಂದ್ರ ಸರ್ಕಾರ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ತೆರೆಯಿತು. ಹಿಂದುಳಿದ ತಾಲ್ಲೂಕುಗಳಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ವಸತಿ ಶಾಲೆ. ಸೀಟುಗಳಲ್ಲಿ ಶೇ. 75ರಷ್ಟು ದಲಿತ, ಆದಿವಾಸಿ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನ ಮನೆಗಳಿಗೆ. ಆ ಶಾಲೆ ಇಲ್ಲದಿದ್ದರೆ ಆ ಹುಡುಗಿಯರು ಬೇರೆ ಶಾಲೆಗೇನೂ ಹೋಗುತ್ತಿರಲಿಲ್ಲ. ಕೂಲಿಗೋ, ಮದುವೆ ಚಪ್ಪರಕ್ಕೋ ಹೋಗುತ್ತಿದ್ದರು. ಅಂಥ ಕಡೆ ‘ಒಟ್ಟಿಗೆ ಓದಿದರೆ ಒಳ್ಳೆಯದು’ ಎಂಬ ವಾದಕ್ಕೆ ಅರ್ಥವೇ ಇಲ್ಲ. ನಮ್ಮ ಸಂವಿಧಾನದ 15(3)ನೇ ವಿಧಿ ಹೆಣ್ಣುಮಕ್ಕಳಿಗಾಗಿ ವಿಶೇಷ ಏರ್ಪಾಡು ಮಾಡಬಹುದು ಎಂದು ಹೇಳುವುದು ಇಂಥದ್ದಕ್ಕಾಗಿಯೇ.

ಆದರೆ ನಿಮ್ಮ ಮನೆಯ ಸ್ಥಿತಿ ಅದಲ್ಲ, ಅಲ್ವಾ? ನಿಮ್ಮ ಮಗಳು ಎರಡರಲ್ಲಿ ಒಂದು ಶಾಲೆಗೆ ಹೋಗಿಯೇ ಹೋಗುತ್ತಾಳೆ. ಹಾಗಾಗಿ ಯಾವುದರಲ್ಲಿ ಚೆನ್ನಾಗಿ ಕಲಿಯುತ್ತಾಳೆ ಎಂದು ನೋಡೋಣ.

ಮೆದುಳಿನ ವಿಷಯ ಮೊದಲು ಮುಗಿಸುತ್ತೇನೆ. ಆ ಮೆಸೇಜಿನಲ್ಲಿ ಹುರುಳಿಲ್ಲ. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಕ್ಕಳ ಬೆಳವಣಿಗೆ ಮತ್ತು ಮೆದುಳಿನ ಬಗ್ಗೆ ಅಧ್ಯಯನ ಮಾಡುವ ಎಂಟು ವಿಜ್ಞಾನಿಗಳು ಸೇರಿ ಬರೆದರು: ಹುಡುಗ ಹುಡುಗಿಯರಿಗೆ ಬೇರೆ ಬೇರೆ ಥರ ಕಲಿಸಬೇಕು ಎನ್ನುವುದಕ್ಕೆ ಮೆದುಳಿನ ವಿಜ್ಞಾನದಲ್ಲಿ ಆಧಾರ ಇಲ್ಲ. ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಇನ್ನೂ ಮುಂಚೆ ಬಂದಿತ್ತು. ಹುಡುಗಿಯರಿಗೆ ಬೇರೆ ಪಠ್ಯ ಬೇಕೇ ಎಂದು ನೋಡಲು 1962ರಲ್ಲಿ ಹಂಸಾ ಮೆಹ್ತಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಹುಡುಗರಿಗೆ ಗಣಿತ, ಹುಡುಗಿಯರಿಗೆ ಗೃಹವಿಜ್ಞಾನ ಎಂಬ ಕಾಲ ಅದು. ಪಠ್ಯದಲ್ಲಿ ಭೇದ ಬೇಡ, ಚಿಕ್ಕ ತರಗತಿಗಳಲ್ಲಿ ಎಲ್ಲರೂ ಒಟ್ಟಿಗೆ ಓದಲಿ ಎಂದು ಸಮಿತಿ ಹೇಳಿತು. ಆಮೇಲೆ ಇಡೀ ದೇಶದ ಶಿಕ್ಷಣವನ್ನು ಪರಿಶೀಲಿಸಿದ ಕೊಠಾರಿ ಆಯೋಗವೂ ಅದನ್ನೇ ಒಪ್ಪಿತು. ಮಗಳಿಗೆ ಗಣಿತ ಇಷ್ಟ ಅಂದಿರಲ್ಲ, ಆ ಇಷ್ಟಕ್ಕೂ ಹೆಣ್ಣು ಗಂಡು ಎನ್ನುವುದಕ್ಕೂ ಸಂಬಂಧವಿಲ್ಲ.

ಇನ್ನು ಅಂಕದ ಮಾತು. ಪ್ರಪಂಚದ ನಾನಾ ಕಡೆ ಹುಡುಗಿಯರ ಶಾಲೆಗಳ ಫಲಿತಾಂಶ ಚೆನ್ನಾಗಿರುತ್ತದೆ. ಇದನ್ನು ನೋಡಿ ‘ಬೇರೆ ಕೂರಿಸಿದ್ದಕ್ಕೇ ಹೀಗೆ’ ಎಂದುಕೊಳ್ಳುವುದು ಸುಲಭ. ಆದರೆ ಅಂಥ ಶಾಲೆಗಳು ಬಹಳ ಸಲ ಹಳೆಯ, ಹೆಸರು ಮಾಡಿದ ಶಾಲೆಗಳು. ಓದಿಸಲೇಬೇಕು ಎಂದು ಹಟ ಹಿಡಿದ ಮನೆಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ಈ ವ್ಯತ್ಯಾಸ ತೆಗೆದು ನೋಡಿದರೆ ಏನು ಉಳಿಯುತ್ತದೆ? 2014ರಲ್ಲಿ ಎರಿನ್ ಪಾಲ್ಕೆ, ಜಾನೆಟ್ ಹೈಡ್ ಮತ್ತು ಕಾರ್ಲಿ ಆಲಿಸನ್ ಎಂಬ ಮೂವರು 184 ಅಧ್ಯಯನಗಳನ್ನು ಒಟ್ಟುಗೂಡಿಸಿದರು. 21 ದೇಶಗಳ ಸುಮಾರು 16 ಲಕ್ಷ ಮಕ್ಕಳ ಲೆಕ್ಕ ಅದು. ಮನೆಯ ಹಿನ್ನೆಲೆಯನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದ ಅಧ್ಯಯನಗಳಲ್ಲಿ ಲಾಭ ಬಹುಮಟ್ಟಿಗೆ ಮಾಯವಾಗಿತ್ತು.

ಹಾಗಂತ ಚರ್ಚೆ ಅಲ್ಲಿಗೆ ಮುಗಿದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 1974ರ ಸುಧಾರಣೆಯ ನಂತರ ಮಕ್ಕಳಿಗೆ ಹೈಸ್ಕೂಲನ್ನು ಲಾಟರಿ ಮೂಲಕ ಹಂಚಲು ಶುರು ಮಾಡಿದರು. ಯಾರೂ ಆರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಸಂಶೋಧಕರಿಗೆ ಅದು ಚಿನ್ನದಂಥ ಅವಕಾಶ. ಅಲ್ಲಿ ಹುಡುಗರ ಶಾಲೆಗೆ ಬಿದ್ದ ಹುಡುಗರೂ, ಹುಡುಗಿಯರ ಶಾಲೆಗೆ ಬಿದ್ದ ಹುಡುಗಿಯರೂ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. 2013ರಲ್ಲಿ ಬಂದ ಈ ಅಧ್ಯಯನವನ್ನು ಬದಿಗೆ ತಳ್ಳಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಕಲಿಸಿದ್ದು ಟ್ರಿನಿಡಾಡ್ ಮತ್ತು ಟೊಬ್ಯಾಗೊ. ಕೆರಿಬಿಯನ್ ಸಮುದ್ರದ ಪುಟ್ಟ ದೇಶ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಬೇಕಾದ ಹೈಸ್ಕೂಲುಗಳ ಪಟ್ಟಿ ಕೊಡುತ್ತಾರೆ. ಎರಡನ್ನೂ ನೋಡಿ ಸರ್ಕಾರ ಶಾಲೆ ಹಂಚುತ್ತದೆ. ಕಿರಾಬೊ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆ ಲೆಕ್ಕಗಳನ್ನು ಹಿಡಿದು 2012ರಲ್ಲಿ ಬರೆದದ್ದು ಇದು: ಬಹಳಷ್ಟು ಮಕ್ಕಳಿಗೆ ಏನೂ ಲಾಭ ಇಲ್ಲ. ಅಂಥ ಶಾಲೆಯೇ ಬೇಕು ಎಂದು ಬಲವಾಗಿ ಬಯಸಿದ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಲಾಭ ಆಯಿತು. ಜೊತೆಗೆ ಇನ್ನೊಂದು ಸಂಗತಿ ಹೊರಬಂತು. ಹುಡುಗಿಯರ ಶಾಲೆಯಲ್ಲಿ ಓದಿದವರು ವಿಜ್ಞಾನದ ವಿಷಯಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಹುಡುಗರಿಲ್ಲದಿದ್ದರೆ ಹುಡುಗಿಯರು ಧೈರ್ಯವಾಗಿ ವಿಜ್ಞಾನಕ್ಕೆ ಹೋಗುತ್ತಾರೆ ಎಂದು ನಂಬಿದವರಿಗೆ ಇದು ಉಲ್ಟಾ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. 2010ರಲ್ಲಿ ಅದೇ ದೇಶದ ಸರ್ಕಾರ ಫಲಿತಾಂಶ ಕೆಟ್ಟಿದ್ದ 20 ಮಿಶ್ರ ಶಾಲೆಗಳನ್ನು ಹುಡುಗರ ಶಾಲೆ, ಹುಡುಗಿಯರ ಶಾಲೆಗಳಾಗಿ ಬದಲಾಯಿಸಿತ್ತು. ಅದಕ್ಕಾಗಿ ಹೆಚ್ಚಿನ ಹಣ ಸುರಿಯಲಿಲ್ಲ. ಅದೇ ಜಾಕ್ಸನ್ ಮತ್ತೆ ಹೋಗಿ ನೋಡಿದರು. ಈ ಸಲ ಉತ್ತರ ಬೇರೆ ಬಂತು. ಮೂರು ವರ್ಷ ಕಳೆದ ಮೇಲೆ ಹುಡುಗರ ಅಂಕವೂ ಏರಿತ್ತು, ಹುಡುಗಿಯರದ್ದೂ ಏರಿತ್ತು. ಮುಂದೆ ಪೊಲೀಸರ ಕೈಗೆ ಸಿಕ್ಕ ಹುಡುಗರ ಪ್ರಮಾಣವೂ ಇಳಿದಿತ್ತು. ಒಂದೇ ದೇಶ, ಒಬ್ಬರೇ ಸಂಶೋಧಕರು, ಎರಡು ಉತ್ತರ. ನಾನು ಇದನ್ನು ಹೀಗೆ ಓದುತ್ತೇನೆ: ಶಾಲೆ ಹದ ತಪ್ಪಿದ್ದಾಗ, ಗಲಾಟೆ ಹೆಚ್ಚಿದ್ದಾಗ, ಬೇರೆ ಮಾಡಿದರೆ ಉಸಿರಾಡಲು ಜಾಗ ಸಿಗುತ್ತದೆ. ಶಾಲೆ ನೆಟ್ಟಗೆ ನಡೆಯುತ್ತಿದ್ದರೆ ಬೇರೆ ಮಾಡಿ ಗಳಿಸುವುದು ಕಡಿಮೆ. ಮತ್ತೆ, ಮಗುವಿನ ಇಷ್ಟವನ್ನು ಕೇಳದೆ ಮಾಡಿದ ತೀರ್ಮಾನ ಅಷ್ಟಾಗಿ ಫಲ ಕೊಡುವುದಿಲ್ಲ.

ಈಗ ನಮ್ಮ ಊರಿನ ತರಗತಿಗೆ ಬರೋಣ. ಟೀಚರ್‌ಗಳಿಗೆ ತರಬೇತಿ ಕೊಡುವ ಕೆಲಸದಲ್ಲಿರುವ ನಾನು ಎಷ್ಟೋ ಹೈಸ್ಕೂಲುಗಳ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದ್ದೇನೆ. ಒಟ್ಟಿಗೆ ಓದುವ ಶಾಲೆ ಅಂತೀವಲ್ಲ, ಒಳಗೆ ಹೋಗಿ ನೋಡಿ. ಬಾಗಿಲ ಕಡೆ ಹುಡುಗರ ಸಾಲು, ಕಿಟಕಿ ಕಡೆ ಹುಡುಗಿಯರ ಸಾಲು, ನಡುವೆ ಓಡಾಡುವ ಜಾಗ. ಆ ಜಾಗ ದಾಟಿ ಒಂದು ರಬ್ಬರ್ ಕೂಡ ಆ ಕಡೆ ಹೋಗುವುದಿಲ್ಲ. ಹುಡುಗ ತಂಟೆ ಮಾಡಿದರೆ ‘ಹುಡುಗಿಯರ ಪಕ್ಕ ಕೂರಿಸ್ತೀನಿ ನೋಡು’ ಎಂದು ಮೇಷ್ಟ್ರು ಹೆದರಿಸುತ್ತಾರೆ. ಅಂದರೆ ಹುಡುಗಿಯ ಪಕ್ಕದ ಜಾಗವೇ ಶಿಕ್ಷೆ. ಇಡೀ ತರಗತಿ ನಗುತ್ತದೆ, ಆ ಹುಡುಗಿಯರೂ ತಲೆ ತಗ್ಗಿಸಿ ನಗುತ್ತಾರೆ. ಆ ನಗು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಲ್ಯಾಬಿಗೆ ಬನ್ನಿ. ನಾಲ್ಕು ಮಕ್ಕಳ ಗುಂಪು. ವಿದ್ಯುತ್ ಮಂಡಲ ಜೋಡಿಸುವ ಪ್ರಯೋಗ. ವೈರು, ಸೆಲ್ಲು, ಬಲ್ಬು ಹುಡುಗನ ಕೈಯಲ್ಲಿ. ‘ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರಿ’ ಎಂದು ಹುಡುಗಿಗೆ ರೆಕಾರ್ಡ್ ಪುಸ್ತಕ. ಪರೀಕ್ಷೆಯಲ್ಲಿ ಆ ಹುಡುಗಿಗೇ ಜಾಸ್ತಿ ಅಂಕ ಬರುತ್ತದೆ. ಆದರೆ ಬಲ್ಬ್ ಉರಿಸಿದ ಅನುಭವ ಅವಳದ್ದಲ್ಲ. ಎರಡು ವರ್ಷ ಬಿಟ್ಟು ‘ಪಿಯುಸಿಯಲ್ಲಿ ಸೈನ್ಸ್ ನನ್ನಿಂದ ಆಗಲ್ಲ’ ಎಂದು ಅವಳು ಹೇಳಿದರೆ ನಮಗೆ ಆಶ್ಚರ್ಯ. ಇದು ನಮ್ಮ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಮೈರಾ ಮತ್ತು ಡೇವಿಡ್ ಸ್ಯಾಡ್ಕರ್ ದಂಪತಿ ವರ್ಷಗಟ್ಟಲೆ ತರಗತಿಗಳನ್ನು ಗಮನಿಸಿ, ಟೀಚರ್‌ಗಳ ಗಮನ ಹುಡುಗರ ಕಡೆಗೇ ಹೆಚ್ಚು ಹರಿಯುತ್ತದೆ, ಅದು ಟೀಚರ್‌ಗಳಿಗೇ ತಿಳಿಯುವುದಿಲ್ಲ ಎಂದು ತೋರಿಸಿದರು.

ಹುಡುಗಿಯರೇ ಇರುವ ಲ್ಯಾಬಿನಲ್ಲಿ ಈ ತೊಂದರೆ ತಾನಾಗಿ ಕರಗುತ್ತದೆ. ವೈರು ಹಿಡಿಯುವವಳೂ ಹುಡುಗಿಯೇ. ನಿಮ್ಮ ಮಗಳಂಥ ಮೌನಿಗಳಿಗೆ ಇದು ಸಹಾಯ ಮಾಡಬಹುದು. ಸ್ವಿಟ್ಜರ್ಲೆಂಡಿನ ಒಂದು ಹೈಸ್ಕೂಲಿನಲ್ಲಿ ಕೆಲವು ಹುಡುಗಿಯರನ್ನು ಯಾವ ಆಯ್ಕೆಯೂ ಇಲ್ಲದೆ ಹುಡುಗಿಯರ ಸೆಕ್ಷನ್‌ಗೂ, ಉಳಿದವರನ್ನು ಮಿಶ್ರ ಸೆಕ್ಷನ್‌ಗೂ ಹಾಕುತ್ತಿದ್ದರು. ಹುಡುಗಿಯರ ಸೆಕ್ಷನ್‌ನಲ್ಲಿದ್ದವರ ಗಣಿತದ ಅಂಕ ಮೇಲಿತ್ತು, ‘ನನಗೆ ಗಣಿತ ಬರುತ್ತದೆ’ ಎಂಬ ನಂಬಿಕೆಯೂ ಹೆಚ್ಚಿತ್ತು. ಭಾಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಜಮಾನರ ಮಾತಿನಲ್ಲಿ ಇಷ್ಟು ಸತ್ಯ ಇದೆ. ಆದರೆ ಅವರು ಕೊಡುವ ಕಾರಣ ಮಾತ್ರ ನಿಲ್ಲುವುದಿಲ್ಲ. ಹುಡುಗರಿದ್ದರೆ ಹುಡುಗಿಯರ ಓದು ಕೆಡುತ್ತದೆ ಎನ್ನುವುದಾದರೆ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲಿ. ಹುಡುಗಿಯರು ಶೇ. 81.11, ಹುಡುಗರು ಶೇ. 65.90. ನಮ್ಮ ರಾಜ್ಯದ ಹೆಚ್ಚಿನ ಹುಡುಗಿಯರು ಓದುವುದು ಮಿಶ್ರ ಶಾಲೆಗಳಲ್ಲೇ. ಗಮನ ತಪ್ಪಿರುವುದು ಯಾರದ್ದು ಎಂದು ಅಂಕಿಯೇ ಹೇಳುತ್ತದೆ.

ಶಾಲೆಯ ಹೆಸರಿನ ಬೋರ್ಡಿನ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ ಹೆಚ್ಚು ತೂಕದ ಸಂಗತಿಗಳು ಬೇರೆ ಇವೆ. ಮೊದಲನೆಯದು ದೂರ. ಬಿಹಾರದಲ್ಲಿ 2006ರಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದಾಗ ಹುಡುಗಿಯರ ದಾಖಲಾತಿ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಶಾಲೆಯನ್ನು ಬೇರೆ ಮಾಡಲಿಲ್ಲ, ದಾರಿ ಹತ್ತಿರ ಮಾಡಿದರು ಅಷ್ಟೇ. ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ ಇದೆ, ಹಾಗಾಗಿ ಟಿಕೆಟ್ ಖರ್ಚು ನಿಮಗೆ ಹೊರೆಯಾಗದು. ಆದರೆ ದಿನಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಹೋಗುತ್ತದೆ. ಸಂಜೆ ಸ್ಪೆಷಲ್ ಕ್ಲಾಸ್ ಇದ್ದರೆ ಮುಂದಿನ ಬಸ್ ಎಷ್ಟು ಹೊತ್ತಿಗೆ? ಕತ್ತಲಾದ ಮೇಲೆ ನಿಲ್ದಾಣದಲ್ಲಿ ಯಾರಿರುತ್ತಾರೆ? ಹುಡುಗರಿಂದ ದೂರ ಇಡಲೆಂದೇ ದೂರದ ಶಾಲೆಗೆ ಹಾಕಿ, ಆಮೇಲೆ ‘ಬಸ್ ಸ್ಟ್ಯಾಂಡಿನಲ್ಲಿ ಹುಡುಗರ ಕಾಟ’ ಎಂದು ಒಂಬತ್ತಕ್ಕೇ ಶಾಲೆ ಬಿಡಿಸಿದ ಮನೆಗಳನ್ನು ನಾನು ಬಲ್ಲೆ.

ಎರಡನೆಯದು ಶೌಚಾಲಯ. 2003ರ ಸುಮಾರಿಗೆ ನಮ್ಮ ದೇಶದ ಸರ್ಕಾರಿ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಿದ್ದನ್ನು ಅಂಜಲಿ ಅಡುಕಿಯಾ ಅಧ್ಯಯನ ಮಾಡಿದ್ದಾರೆ. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಾದರೂ ಸಾಕಿತ್ತು. ಮೈ ನೆರೆಯುವ ವಯಸ್ಸಿನ ಹುಡುಗಿಯರಿಗೆ ಮಾತ್ರ ಅವರದ್ದೇ ಬೇರೆ ಶೌಚಾಲಯ ಇದ್ದಲ್ಲಿ ದಾಖಲಾತಿ ಚೆನ್ನಾಗಿ ಏರಿತು. ಬೇರೆ ಇರಬೇಕಾದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಸಿಕ್ಕಿಲ್ಲ.

ಮೂರನೆಯದು ಟೀಚರಮ್ಮ. ಆಂಧ್ರಪ್ರದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಹಿಳಾ ಶಿಕ್ಷಕರು ಕಲಿಸಿದಾಗ ಹುಡುಗಿಯರು ಹೆಚ್ಚು ಕಲಿತರು, ಹುಡುಗರಿಗೂ ನಷ್ಟವಾಗಲಿಲ್ಲ ಎಂದು 2016ರಲ್ಲಿ ಬಂದ ಅಧ್ಯಯನ ತೋರಿಸಿದೆ. ಹೈಸ್ಕೂಲಿನಲ್ಲಿ ಇನ್ನೂ ಒಂದು ಲಾಭ ಇದೆ. ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವ ಮೇಷ್ಟ್ರು ಇಂದಿಗೂ ಇದ್ದಾರೆ. ಟೀಚರಮ್ಮ ಇದ್ದರೆ ಮುಟ್ಟಿನ ಬಗ್ಗೆ ಕೇಳಲು ಹುಡುಗಿಗೆ ಒಬ್ಬರಾದರೂ ಸಿಗುತ್ತಾರೆ.

ದೊಡ್ಡ ಮಟ್ಟದಲ್ಲಿ ಏನಾಗುತ್ತಿದೆ ಎಂದೂ ಸ್ವಲ್ಪ ಹೇಳಬೇಕು. 2022ರ ಜುಲೈನಲ್ಲಿ ಕೇರಳದ ಮಕ್ಕಳ ಹಕ್ಕುಗಳ ಆಯೋಗ, 2023-24ರಿಂದ ಹುಡುಗರ ಶಾಲೆ, ಹುಡುಗಿಯರ ಶಾಲೆ ಎಂಬುದೇ ಇರಬಾರದು ಎಂದು ಆದೇಶಿಸಿತು. ಆಗ ಅಲ್ಲಿ 280 ಹುಡುಗಿಯರ ಶಾಲೆ, 164 ಹುಡುಗರ ಶಾಲೆ ಇದ್ದವು. ಸರ್ಕಾರ ಒಂದೇ ಏಟಿಗೆ ಮಾಡಲು ಒಪ್ಪಲಿಲ್ಲ. ಪೋಷಕರು, ಸ್ಥಳೀಯ ಸಂಸ್ಥೆ ಕೇಳಿದ ಕಡೆ ಮಾಡೋಣ ಎಂಬ ದಾರಿ ಹಿಡಿಯಿತು. ಅದೇ ಸರಿ ಎಂದು ನನಗೂ ಅನಿಸುತ್ತದೆ. ಮೇಲಿನಿಂದ ಆದೇಶ ಬಂದು ಬೋರ್ಡ್ ಬದಲಾದ ಮಾತ್ರಕ್ಕೆ ಒಳಗಿನ ಎರಡು ಸಾಲು ಬದಲಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಎರಡು ಸಾಲಿನ ವಿಷಯವೇ ಕೋರ್ಟಿಗೆ ಹೋಗಿತ್ತು. ಬರ್ಮಿಂಗ್‌ಹ್ಯಾಮ್‌ನ ಅಲ್ ಹಿಜ್ರಾ ಶಾಲೆ ಮಿಶ್ರ ಶಾಲೆಯಾಗಿದ್ದೂ ಮಕ್ಕಳಿಗೆ ಒಂಬತ್ತು ವರ್ಷ ವಯಸ್ಸಾದ ಮೇಲೆ ಹುಡುಗ ಹುಡುಗಿಯರನ್ನು ಪಾಠಕ್ಕೂ ಆಟಕ್ಕೂ ಪೂರ್ತಿ ಬೇರೆ ಮಾಡುತ್ತಿತ್ತು. ಒಂದೇ ಶಾಲೆಯೊಳಗೆ ಹೀಗೆ ಬೇರ್ಪಡಿಸುವುದು ತಾರತಮ್ಯ ಎಂದು 2017ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮಲ್ಲೂ ಹೈಸ್ಕೂಲುಗಳು ಯೋಚಿಸಬೇಕಾದ ಮಾತು ಅದು.

ಇನ್ನು ನಿಮ್ಮ ಮಗ. ಅವನನ್ನು ಹುಡುಗರ ಶಾಲೆಗೆ ಹಾಕಬೇಡಿ. ಈ ಉತ್ತರದಲ್ಲಿ ನನಗೆ ಅನುಮಾನ ಇಲ್ಲ. ಹುಡುಗಿಯರ ಶಾಲೆಗೆ ಒಂದು ಚರಿತ್ರೆ ಇದೆ, ಅಗತ್ಯ ಇತ್ತು, ಕೆಲವು ಕಡೆ ಈಗಲೂ ಇದೆ. ಹುಡುಗರ ಶಾಲೆಗೆ ನಮ್ಮ ಊರುಗಳಲ್ಲಿ ಅಂಥ ಕಾರಣ ನನಗೆ ಕಾಣುವುದಿಲ್ಲ. ಸೈನಿಕ ಶಾಲೆಗಳೇ 2021-22ರಿಂದ ದೇಶದಾದ್ಯಂತ ಹುಡುಗಿಯರಿಗೆ ಬಾಗಿಲು ತೆರೆದಿವೆ. ಹುಡುಗಿಯನ್ನು ಸಹಪಾಠಿಯಾಗಿ ನೋಡದೆ ಹದಿನೆಂಟಕ್ಕೆ ಬಂದ ಹುಡುಗನಿಗೆ ಅವಳ ಜೊತೆ ಹೇಗೆ ಮಾತಾಡಬೇಕು ಎಂದು ಮೊಬೈಲ್ ಕಲಿಸುತ್ತದೆ. ಮೊಬೈಲ್ ಕಲಿಸುವುದು ಏನು ಅಂತ ನಿಮಗೂ ಗೊತ್ತು. ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ಏಳು, ಎಂಟನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹೆಣ್ಣು ಗಂಡಿನ ಸಮಾನತೆ ಬಗ್ಗೆ ಎರಡೂವರೆ ವರ್ಷ ಚರ್ಚೆ ಮಾಡಿಸಿದರು. ಮನೆಗೆಲಸ ಯಾರು ಮಾಡಬೇಕು, ಅಕ್ಕ ಯಾಕೆ ಓದು ಬಿಟ್ಟಳು, ಇಂಥ ಮಾತುಗಳು. ಮಕ್ಕಳ ಅಭಿಪ್ರಾಯ ಬದಲಾಯಿತು, ನಡತೆಯೂ ಸ್ವಲ್ಪ ಬದಲಾಯಿತು. ಹುಡುಗರು ಮನೆಗೆಲಸಕ್ಕೆ ಕೈ ಹಾಕತೊಡಗಿದರು. ಸುಮ್ನೆ ಒಂದೇ ಕೋಣೆಯಲ್ಲಿ ಕೂರಿಸಿದರೆ ಇದು ಆಗುವುದಿಲ್ಲ, ಯಾರಾದರೂ ಮಾತು ಎತ್ತಬೇಕು.

ನೀವು ಈಗ ಮಾಡಬೇಕಾದ್ದು ಹೀಗೆ. ಮಗಳನ್ನು ಕರೆದುಕೊಂಡು ಎರಡೂ ಶಾಲೆಗೆ ಹೋಗಿ, ಸಾಧ್ಯವಾದರೆ ಯಜಮಾನರೂ ಬರಲಿ. ಹೆಡ್‌ಮಾಸ್ಟರ ರೂಮಿನಲ್ಲಿ ಕೂತು ಫಲಿತಾಂಶದ ಪಟ್ಟಿ ನೋಡಿ ಬರಬೇಡಿ. ಶೌಚಾಲಯದ ಬಾಗಿಲು ತೆಗೆದು ನೋಡಿ. ಲ್ಯಾಬ್ ಬೀರುವಿನ ಬೀಗ ಕೊನೆಯ ಸಲ ಯಾವಾಗ ತೆಗೆದರು ಎಂದು ಕೇಳಿ. ಗಣಿತದ ಹುದ್ದೆ ಖಾಲಿ ಇದೆಯೇ, ಅತಿಥಿ ಶಿಕ್ಷಕರೇ, ವರ್ಷಕ್ಕೊಬ್ಬರು ಬದಲಾಗುತ್ತಾರೆಯೇ ವಿಚಾರಿಸಿ. ಹತ್ತನೇ ತರಗತಿಯ ಒಬ್ಬಿಬ್ಬರು ಹುಡುಗಿಯರನ್ನು ಮಗಳೇ ಮಾತಾಡಿಸಲಿ, ನೀವು ಸ್ವಲ್ಪ ದೂರ ನಿಲ್ಲಿ. ದೊಡ್ಡವರಿಗೆ ಹೇಳದ್ದನ್ನು ಅವರು ಅವಳಿಗೆ ಹೇಳುತ್ತಾರೆ.

ಊರ ಶಾಲೆಗೇ ಸೇರಿಸಿದರೆ ಜೂನ್ ತಿಂಗಳಲ್ಲೇ ಗಣಿತದ ಟೀಚರನ್ನು ಕಂಡು ಎರಡು ವಿಷಯ ಕೇಳಿಕೊಳ್ಳಿ. ಕೈ ಎತ್ತಿದವರನ್ನೇ ಕೇಳದೆ ಹಾಜರಿ ಪುಸ್ತಕ ನೋಡಿ ಸರದಿಯಲ್ಲಿ ಎಲ್ಲರನ್ನೂ ಬೋರ್ಡಿಗೆ ಕರೆಯಲಿ, ಲ್ಯಾಬಿನಲ್ಲಿ ಬರೆಯುವ ಕೆಲಸವೂ ಉಪಕರಣ ಹಿಡಿಯುವ ಕೆಲಸವೂ ವಾರ ವಾರ ಬದಲಾಗಲಿ. ಇದಕ್ಕೆ ದುಡ್ಡು ಬೇಡ, ಇಲಾಖೆಯ ಅನುಮತಿಯೂ ಬೇಡ. ಒಬ್ಬರೇ ಕೇಳಲು ಸಂಕೋಚವಾದರೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾಲ್ಕು ತಾಯಂದಿರು ಸೇರಿ ಕೇಳಿ. ಹುಡುಗಿಯರ ಪಕ್ಕ ಕೂರಿಸುವ ‘ಶಿಕ್ಷೆ’ ನಿಲ್ಲಬೇಕು ಎಂದೂ ಅಲ್ಲೇ ಹೇಳಿ.